ಊರು ಬೇರೆ, ಶ್ರುತಿ ಒಂದೇ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನು ನಿಧಾನವಾಗಿ ನೋಡುತ್ತ ಬಂದವರಿಗೆ ನರ್ತಿಸುವ ಶಿವನ ಬಳಿಯಲ್ಲಿ ಮದ್ದಳೆ ಬಾರಿಸುವವರು, ತಾಳ ಹಿಡಿದವರು, ಕೊಳಲೂದುವವರು ಕಾಣಸಿಗುತ್ತಾರೆ. ಅಲ್ಲಿಂದ ೧೬ ಕಿಲೋಮೀಟರು ದೂರದ ಬೇಲೂರಿನಲ್ಲಿ, ೧೧೧೭ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿಯೂ ವಾದ್ಯ ಹಿಡಿದವರುಂಟು. ಹಾಡುವವನು, ನುಡಿಸುವವನು, ಕುಣಿಯುವವನು ಒಬ್ಬರಿಗೊಬ್ಬರು ಮೈತಾಗುವಷ್ಟು ಹತ್ತಿರವಿರಬೇಕೆಂಬುದು ಆ ಶಿಲ್ಪಿಗಳ ಎಣಿಕೆಯಾಗಿತ್ತು. ಸಂಗೀತವೆಂದರೆ ಕೂಡಿ ಕುಳಿತು ಮಾಡುವ ಕಾರ್ಯವೆಂದೇ ನಮ್ಮ ಹಿರಿಯರೂ ತಿಳಿದಿದ್ದರು. ಕಲ್ಲಿನ ಆ ವಾದ್ಯಗಾರರು ಒಂಬೈನೂರು ವರ್ಷಗಳಿಂದ ಒಂದೇ ಕಡೆ ಕೂಡಿದ್ದಾರೆ. ಆದರೆ ಅವರ ಸುತ್ತಲಿನ ಊರುಗಳ ಮನೆಮಂದಿ ಈಗ ಒಂದೇ ಕಡೆ ಇಲ್ಲ.

ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಯಲ್ಲಿ ಮಗನು ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ, ಮೊಮ್ಮಗನು ಅಮೆರಿಕದಲ್ಲಿ ಇರುವ ಸಂಸಾರಗಳು ಇಂದು ಅಪರೂಪವಲ್ಲ. ಸಂಜೆಯ ಪೂಜೆಯಾದ ಮೇಲೆ ಮನೆಮಂದಿಯೆಲ್ಲ ಸೇರಿ ವಚನ ಹಾಡುತ್ತಿದ್ದ ಪಡಸಾಲೆಯಲ್ಲಿ ಈಗ ಅಜ್ಜಿಯೊಬ್ಬರೇ ಹಾಡಿಕೊಳ್ಳುತ್ತಾರೆ. ಚದುರಿದ ಈ ದನಿಗಳನ್ನು ಮತ್ತೆ ಒಂದು ಶ್ರುತಿಗೆ ತರುವ ಸಾಧನವು ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಇದೆ. ವೃತ್ತಿಯಿಂದ ಗಾಯಕರಲ್ಲದ ಸಾಮಾನ್ಯ ಜನರು, ಊರು ದೇಶಗಳ ಅಂತರವನ್ನು ದಾಟಿ, ಅಂತರ್ಜಾಲದ ಮೂಲಕ ಒಂದೇ ಹಾಡನ್ನು ಕಟ್ಟುವ ರೂಢಿ ಜಗತ್ತಿನಲ್ಲೆಲ್ಲ ಬೆಳೆದಿದೆ. ಅದನ್ನು ನಮ್ಮ ಮನೆಗಳು ಯಾವುದಕ್ಕಾಗಿ, ಹೇಗೆ ಬಳಸಿಕೊಳ್ಳಬೇಕೆಂಬುದನ್ನು ಓದುಗ ಬಂಧುಗಳೊಡನೆ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಕಲ್ಲು, ನುಡಿ, ಧಾಟಿ

ಈ ಸೀಮೆಯ ಕಲ್ಲಿನ ಸಂಪತ್ತಿಗೆ ಜಗತ್ತಿನ ಮಾನ್ಯತೆ ದೊರೆತಿದೆ. ಯುನೆಸ್ಕೋ ಸಂಸ್ಥೆಯು ೨೦೨೩ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲು ಕಾಯುವವರ ಕೈಸೇರಿತು.

ಶರಣರ ನುಡಿಯೂ ಹಾಗೆಯೇ ಕಾಪಾಡಲ್ಪಟ್ಟಿದೆ. ಡಾ. ಫ. ಗು. ಹಳಕಟ್ಟಿಯವರು ಮನೆಗಳಲ್ಲಿಯೂ ಮಠಗಳಲ್ಲಿಯೂ ಉಳಿದಿದ್ದ ತಾಡವೋಲೆಗಳನ್ನು ಅರಸಿ ತಂದು, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ೧೯೯೩ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಂಪುಟವನ್ನು ೧೫ ಸಂಪುಟಗಳಲ್ಲಿ ಪ್ರಕಟಿಸಿತು. ೧೯೬೪ರಲ್ಲಿ ಬಿ. ಡಿ. ಜತ್ತಿಯವರು ಸ್ಥಾಪಿಸಿದ ಬಸವ ಸಮಿತಿಯ ಯತ್ನದಿಂದ ೨೩ ಭಾಷೆಗಳಿಗೆ ಅನುವಾದಗೊಂಡ ವಚನಗಳು ೨೦೧೭ರಲ್ಲಿ ಲೋಕಾರ್ಪಣೆಗೊಂಡವು. ನುಡಿ ಇನ್ನು ಅಳಿಯುವ ಭಯವಿಲ್ಲ.

ಉಳಿದಿರುವುದು ಧಾಟಿ. ರಗಳೆಗೆ ಮಾತ್ರೆಗಳ ಕಟ್ಟುಂಟು. ಹೊಯ್ಸಳರ ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, ಹರಿಹರ ಕವಿಯು ಕರಣಿಕನಾಗಿದ್ದು, ಲೆಕ್ಕದ ಕಡತವನ್ನು ಬಿಟ್ಟು ಹಂಪೆಗೆ ಹೋಗಿ ಶರಣರ ಚರಿತೆಗಳನ್ನು ರಗಳೆಗಳಲ್ಲಿ ಹಾಡಿದನೆಂದು ಪರಂಪರೆಯು ಹೇಳುತ್ತದೆ. ಅವನ ರಗಳೆಯನ್ನು ಇಂದು ಎತ್ತಿಕೊಂಡವನಿಗೂ ಅದರ ನಡೆಯು ಸಾಲಿನಲ್ಲಿಯೇ ಸಿಗುತ್ತದೆ. ವಚನಕ್ಕೆ ಅಂತಹ ಕಟ್ಟಿಲ್ಲ. ಅದರ ಲಯವು ಉಸಿರಿನ ಲಯ. ಎಲ್ಲಿ ನಿಲ್ಲಬೇಕು, ಯಾವ ಪದವನ್ನು ಎಳೆಯಬೇಕು, ಅಂಕಿತವನ್ನು ಹೇಗೆ ಮುಟ್ಟಬೇಕೆಂಬುದನ್ನು ಹಾಡುವವರೇ ನಿರ್ಧರಿಸಬೇಕು. ತಾಡವೋಲೆಯು ಅಕ್ಷರಗಳನ್ನು ಕೊಟ್ಟಿತು, ಸ್ವರಗಳನ್ನು ಕೊಡಲಿಲ್ಲ. ಸ್ವರವಚನಗಳಲ್ಲಿ ರಾಗತಾಳಗಳ ಹೆಸರು ಕಂಡರೂ ಹೆಸರೇ ಧಾಟಿಯಲ್ಲವಷ್ಟೆ. ನಿಜಗುಣ ಶಿವಯೋಗಿ, ಮುಪ್ಪಿನ ಷಡಕ್ಷರಿ, ಸರ್ಪಭೂಷಣ ಶಿವಯೋಗಿಗಳ ತತ್ವಪದಗಳನ್ನು ಹಾಡುವ ಭಜನೆಯ ಮನೆಗಳಲ್ಲಿಯೂ ಧಾಟಿಯು ಗಂಟಲಿನಿಂದ ಗಂಟಲಿಗೇ ಸಾಗಿಬಂದಿದೆ.

ಪಂಡಿತ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದ ಮಹನೀಯರ ವಚನಗಾಯನವು ಆಕಾಶವಾಣಿಯಿಂದಲೂ ಧ್ವನಿಸುರುಳಿಗಳಿಂದಲೂ ಮನೆಮನೆಯನ್ನು ಮುಟ್ಟಿತು. ಅದು ನಮ್ಮ ಭಾಗ್ಯ. ಆದರೆ ತೊಟ್ಟಿಲು ತೂಗುತ್ತ, ರಾಗಿ ಬೀಸುತ್ತ, ಲಿಂಗಪೂಜೆಗೆ ಹೂ ಕಟ್ಟುತ್ತ ನಮ್ಮ ತಾಯಂದಿರು ಹಾಡಿಕೊಂಡ ಧಾಟಿಗಳನ್ನು ಯಾವ ಧ್ವನಿಸುರುಳಿಯೂ ಹಿಡಿದಿಡಲಿಲ್ಲ. ಒಬ್ಬ ಹಿರಿಯರು ಲಿಂಗೈಕ್ಯರಾದಾಗ ಮನೆಯೊಂದರ ಹಾಡುವ ಬಗೆಯೇ ಅವರೊಡನೆ ಹೋಗಿಬಿಡುತ್ತದೆ. ಕಲಿಯಬೇಕಾದ ಮಕ್ಕಳು ದೂರದಲ್ಲಿದ್ದಾರೆ. ದೂರದಿಂದ ಕೂಡಿ ಹಾಡುವ ಈ ಹೊಸ ರೂಢಿಯು ನಮಗೆ ಮುಖ್ಯವಾಗುವುದು ಈ ಕಾರಣದಿಂದಲೇ.

ದೂರದಿಂದ ಕೂಡಿದ ದನಿಗಳು

ಬೇರೆ ಬೇರೆ ಕಡೆಯ ದನಿಗಳನ್ನು ಒಂದೇ ಹಾಡಿನಲ್ಲಿ ಪೋಣಿಸುವ ಕಲ್ಪನೆಯು ನಮ್ಮ ದೇಶಕ್ಕೆ ಹೊಸದಲ್ಲ. ೧೯೮೮ರ ಸ್ವಾತಂತ್ರ್ಯ ದಿನದಂದು ದೂರದರ್ಶನವು ಬಿತ್ತರಿಸಿದ ‘ಮಿಲೇ ಸುರ್ ಮೇರಾ ತುಮ್ಹಾರಾ’ ಗೀತೆಯಲ್ಲಿ ನಮ್ಮ ಗದಗಿನ ಸೀಮೆಯ ಪಂಡಿತ ಭೀಮಸೇನ ಜೋಶಿಯವರ ದನಿಯು ಮೊದಲು ಮೊಳಗಿ, ಕನ್ನಡವೂ ಸೇರಿ ಹಲವು ಭಾಷೆಗಳ ಮೂಲಕ ಹಾಡು ಹರಿದುದು ಅನೇಕರ ನೆನಪಿನಲ್ಲಿರಬಹುದು. ಆದರೆ ಅಂತಹ ಕಾರ್ಯಕ್ಕೆ ಅಂದು ಧ್ವನಿಮುದ್ರಣ ಶಾಲೆಗಳೂ ಸರ್ಕಾರದ ನೆರವೂ ಬೇಕಾಗಿದ್ದವು.

ಅಂತರ್ಜಾಲವು ಆ ಭಾರವನ್ನು ಇಳಿಸಿತು. ೨೦೧೦ರಲ್ಲಿ ಅಮೆರಿಕದ ಸಂಗೀತ ಸಂಯೋಜಕ ಎರಿಕ್ ವಿಟೇಕರ್ ಎಂಬವರು ೧೨ ದೇಶಗಳ ೧೮೫ ಮಂದಿ ಹಾಡುಗಾರರನ್ನು ಒಂದೇ ಗೀತೆಯಲ್ಲಿ ಕೂಡಿಸಿದರು. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಒಬ್ಬರೇ ಕುಳಿತು, ವಿಟೇಕರ್ ಕೈಯಾಡಿಸಿ ಲಯ ತೋರಿಸುವ ಚಿತ್ರವನ್ನು ನೋಡುತ್ತ ಹಾಡಿ ಕಳುಹಿಸಿದ್ದರು. ೨೦೧೮ರ ಅಕ್ಟೋಬರ್ ೨ರಂದು ಮಹಾತ್ಮಾ ಗಾಂಧೀಜಿಯವರ ನೂರೈವತ್ತನೆಯ ಜಯಂತಿ ವರ್ಷದ ಆರಂಭದಲ್ಲಿ ೧೨೪ ದೇಶಗಳ ಕಲಾವಿದರು ಹಾಡಿದ ‘ವೈಷ್ಣವ ಜನ ತೋ’ ಬಿಡುಗಡೆಯಾಯಿತು.

ನಮ್ಮ ಸೀಮೆಗೆ ಈ ಮಾತಿನ ಅಗತ್ಯ ತಟ್ಟಿದ್ದು ೨೦೨೦ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಹಳೇಬೀಡಿನಲ್ಲಿ ತರಳಬಾಳು ಹುಣ್ಣಿಮೆ ಮಹೋತ್ಸವವು ಅಪಾರ ಜನಸ್ತೋಮದ ನಡುವೆ ನಡೆದಿತ್ತು. ಎರಡು ತಿಂಗಳು ತುಂಬುವ ಮೊದಲೇ, ಮಾರ್ಚ್ ೨೫ರಿಂದ, ಕೊರೋನಾ ನಿಮಿತ್ತ ದೇಶವೇ ಬಾಗಿಲು ಮುಚ್ಚಿತು. ಏಪ್ರಿಲ್ ೨೬ರ ಬಸವ ಜಯಂತಿಗೆ ಮೆರವಣಿಗೆಯಿಲ್ಲ, ಸಭೆಯಿಲ್ಲ, ಸಾಮೂಹಿಕ ವಚನಗಾಯನವಿಲ್ಲ. ಬಸವ ಸಮಿತಿಯ ಜಾಗತಿಕ ಬಸವ ಜಯಂತಿಯು ಆ ವರ್ಷ ದೃಶ್ಯಸಂವಾದದ ಮೂಲಕವೇ ಜರುಗಿ, ದೇಶ ವಿದೇಶಗಳ ಬಸವಾನುಯಾಯಿಗಳನ್ನು ಕೂಡಿಸಿತು. ಮೇ ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಭಾರತೀಯ ಗಾಯಕರು ಮನೆಮನೆಗಳಿಂದಲೇ ಹಾಡಿದ ‘ಜಯತು ಜಯತು ಭಾರತಂ’ ಹೊರಬಂದಿತು. ವೃತ್ತಿಗಾಯಕರು ಮಾಡಿದುದನ್ನು ಮನೆಮಂದಿಯೂ ಮಾಡಬಹುದೆಂಬ ಧೈರ್ಯವು ಆ ದಿನಗಳಲ್ಲಿ ಮೂಡಿತು. ಸಂಕಟವು ಕಲಿಸಿದ ಈ ವಿದ್ಯೆಯನ್ನು ಸಂಕಟ ಕಳೆದ ಮೇಲೆ ಮರೆಯುವುದು ಉಚಿತವಲ್ಲ.

ತಾಳ ತಪ್ಪುವುದೇಕೆ?

ದೃಶ್ಯಸಂವಾದದಲ್ಲಿ ನಾಲ್ಕಾರು ಮಂದಿ ಸೇರಿ ಏಕಕಾಲದಲ್ಲಿ ವಚನ ಹಾಡಲು ಹೊರಟವರಿಗೆ ಫಲಿತಾಂಶವು ಗೊತ್ತೇ ಇದೆ. ಒಬ್ಬರು ಪಲ್ಲವಿ ಮುಗಿಸುವಾಗ ಇನ್ನೊಬ್ಬರು ನಡುವಿನಲ್ಲಿರುತ್ತಾರೆ, ಎಲ್ಲವೂ ಕಲಸಿಹೋಗುತ್ತದೆ. ಇದಕ್ಕೆ ಹಾಡುವವರ ಅಭ್ಯಾಸದ ಕೊರತೆಯು ಕಾರಣವಲ್ಲ.

ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೩ ಮೀಟರು ಸಾಗುತ್ತದೆ. ದೊಡ್ಡ ಮೆರವಣಿಗೆಯಲ್ಲಿ ಮುಂದಿನ ಸಮಾಳದವರಿಗೂ ನೂರು ಮೀಟರು ಹಿಂದಿನ ಭಜನೆಯವರಿಗೂ ತಾಳ ಹೊಂದದಿರುವುದನ್ನು ನಾವು ಕಂಡಿದ್ದೇವೆ. ಆ ನೂರು ಮೀಟರನ್ನು ದಾಟಲು ಶಬ್ದಕ್ಕೆ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಕಾಲ ಬೇಕು. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ, ಕೂಡಿ ಹಾಡುವವರ ನಡುವೆ ೨೫-೩೦ ಪಾಲಿನವರೆಗಿನ ತಡವನ್ನು ಕಿವಿಯು ತಾಳಿಕೊಳ್ಳುತ್ತದೆ. ಇದು ಸುಮಾರು ಹತ್ತು ಮೀಟರು ಅಂತರದಲ್ಲಿ ಕುಳಿತು ಹಾಡಿದಂತೆ. ಅದಕ್ಕಿಂತ ಹೆಚ್ಚಾದರೆ ಪ್ರತಿಯೊಬ್ಬರೂ ಮತ್ತೊಬ್ಬರಿಗಾಗಿ ಕಾಯುತ್ತ ಹೋಗಿ ಲಯವು ಜಗ್ಗುತ್ತದೆ.

ಬೇಲೂರಿನಲ್ಲಿ ಕೂಗಿದ ಕೂಗು ಹಳೇಬೀಡಿಗೆ ಗಾಳಿಯಲ್ಲಿಯೇ ಹೋಗುವಂತಿದ್ದರೆ ಸುಮಾರು ೪೭ ಸೆಕೆಂಡು ಹಿಡಿಯುತ್ತಿತ್ತು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುವುದರಿಂದ ಆ ಅಂತರವು ಅದಕ್ಕೆ ಲೆಕ್ಕಕ್ಕೇ ಇಲ್ಲ. ಆದರೆ ದನಿಯನ್ನು ಅಂಕಿಗಳಾಗಿ ಮಾರ್ಪಡಿಸಿ, ಕಟ್ಟುಗಳಾಗಿ ಕಳುಹಿಸಿ, ಮತ್ತೆ ದನಿಯಾಗಿಸುವ ಕೆಲಸದಲ್ಲಿಯೇ ಹೆಚ್ಚು ಕಾಲ ಹೋಗುತ್ತದೆ. ಅರಸೀಕೆರೆಯಿಂದ ಅಮೆರಿಕದ ಪಶ್ಚಿಮ ತೀರವು ಸುಮಾರು ೧೪,೦೦೦ ಕಿಲೋಮೀಟರು. ಬೆಳಕೇ ಅಲ್ಲಿಗೆ ಹೋಗಿ ಮುಟ್ಟಲು ಸಾವಿರದಲ್ಲಿ ೭೦ ಪಾಲು ಬೇಕು. ಎಷ್ಟು ಹಣ ಕೊಟ್ಟರೂ ಯಾವ ಯಂತ್ರವೂ ಈ ಮಿತಿಯನ್ನು ಮೀರಲಾರದು. ಇದಲ್ಲದೆ ದೃಶ್ಯಸಂವಾದದ ತಂತ್ರಾಂಶಗಳನ್ನು ಮಾತಿಗಾಗಿ ಮಾಡಿರುವುದರಿಂದ ಅವು ಎಡೆಬಿಡದೆ ಮೊಳಗುವ ತಂಬೂರಿಯನ್ನು ಗದ್ದಲವೆಂದು ತಿಳಿದು ಅಡಗಿಸುತ್ತವೆ. ಒಬ್ಬರು ಮಾತನಾಡುವಾಗ ಮತ್ತೊಬ್ಬರ ದನಿಯನ್ನು ತಗ್ಗಿಸುತ್ತವೆ.

ಹತ್ತಿರದ ಊರುಗಳವರು, ಒಳ್ಳೆಯ ತಂತಿ ಸಂಪರ್ಕವಿದ್ದರೆ, ‘ಜಾಮುಲಸ್’ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಏಕಕಾಲಕ್ಕೆ ಹಾಡುವುದು ಸಾಧ್ಯವಾಗಬಹುದು. ದೂರದವರಿಗಾಗಿ ೨೦೦೫ರಲ್ಲಿ ಬಂದ ‘ನಿಂಜಾಮ್’ ಎಂಬ ತಂತ್ರಾಂಶವು ಬೇರೊಂದು ಜಾಣ್ಮೆಯನ್ನು ತೋರಿತು. ತಡವನ್ನು ತಪ್ಪಿಸುವ ಬದಲು ಅದು ತಡವನ್ನೇ ಒಂದು ಆವರ್ತಕ್ಕೆ ಹಿಗ್ಗಿಸುತ್ತದೆ. ನಿಮಿಷಕ್ಕೆ ೮೦ ಮಾತ್ರೆಗಳ ನಡೆಯಲ್ಲಿ ಎಂಟು ಮಾತ್ರೆಗಳ ಒಂದು ಆವರ್ತಕ್ಕೆ ಆರು ಸೆಕೆಂಡು. ಪ್ರತಿಯೊಬ್ಬರಿಗೂ ಇತರರ ಹಿಂದಿನ ಆವರ್ತವು ಕೇಳಿಸುತ್ತದೆ. ಒಂದೇ ಪಲ್ಲವಿಯನ್ನು ಮರಳಿ ಮರಳಿ ಹೇಳುವ ಭಜನೆಗೆ ಇದು ಒಗ್ಗೀತು. ಸಾಲಿನಿಂದ ಸಾಲಿಗೆ ಮುಂದುವರಿಯುವ ವಚನಕ್ಕೆ ಒಗ್ಗದು.

ಮನೆಮಂದಿಗೆ ತಕ್ಕ ಮಾರ್ಗ

ಆದುದರಿಂದ ಮನೆಮಂದಿಗೆ ಸುಲಭವೂ ಭದ್ರವೂ ಆದ ಮಾರ್ಗವೆಂದರೆ ಒಬ್ಬರ ಮೇಲೊಬ್ಬರು ದನಿಯನ್ನು ಪೋಣಿಸುತ್ತ ಹೋಗುವುದು. ಇದಕ್ಕೆ ಎರಡು ಮೊಬೈಲುಗಳೂ ತಂತಿಯಿರುವ ಒಂದು ಇಯರ್‌ಫೋನೂ ಸಾಕು. ಒಂದು ಮೊಬೈಲಿನಲ್ಲಿ ಮೊದಲಿನವರ ಹಾಡನ್ನು ಇಯರ್‌ಫೋನಿನಿಂದ ಕೇಳುತ್ತ, ಇನ್ನೊಂದರಲ್ಲಿ ತಮ್ಮ ದನಿಯನ್ನು ಮಾತ್ರ ಮುದ್ರಿಸಿಕೊಳ್ಳಬೇಕು. ತಂತಿಯಿಲ್ಲದ ಬ್ಲೂಟೂತ್ ಸಾಧನವು ತಾನೇ ತಡವನ್ನುಂಟುಮಾಡುವುದರಿಂದ ಅದನ್ನು ಬಳಸಬಾರದು.

ಎಲ್ಲರಿಗೂ ಒಂದೇ ಶ್ರುತಿ ಇರಬೇಕು. ಬೆಂಗಳೂರಿನ ರಾಡೆಲ್ ಸಂಸ್ಥೆಯು ೧೯೭೯ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ತಂದಾಗ ಅದು ಪೆಟ್ಟಿಗೆಯಲ್ಲಿತ್ತು. ಇಂದು ಅದರ ಕೆಲಸವನ್ನು ಮೊಬೈಲೇ ಮಾಡುತ್ತದೆ. ಹಾರ್ಮೋನಿಯಮ್ಮಿನ ಯಾವ ಮನೆಯಿಂದ ಹಾಡುವುದೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡು, ಆ ತಂಬೂರಿಯ ಮೊಳಗನ್ನು ಎಲ್ಲರಿಗೂ ಕಳುಹಿಸಬೇಕು. ಹಾಡಿನ ಮೊದಲಲ್ಲಿ ಒಂದು ಚಪ್ಪಾಳೆಯಿದ್ದರೆ ಪ್ರತಿಯೊಬ್ಬರೂ ಅದೇ ಕ್ಷಣಕ್ಕೆ ತಾವೂ ಚಪ್ಪಾಳೆ ತಟ್ಟಬೇಕು. ಬಳಿಕ ಎಲ್ಲವನ್ನೂ ಜೋಡಿಸುವವರು ಆ ಚಪ್ಪಾಳೆಗಳನ್ನು ಒಂದಕ್ಕೊಂದು ತಾಳೆ ಹಾಕುತ್ತಾರೆ. ಮೊಬೈಲು ಬಾಯಿಂದ ಒಂದು ಗೇಣು ದೂರವಿರಲಿ. ಹಾಸಿಗೆ ಪರದೆಗಳಿರುವ ಕೋಣೆಯಲ್ಲಿ ದನಿಯು ಪ್ರತಿಧ್ವನಿಸದು. ಫ್ಯಾನು ನಿಂತಿರಲಿ, ಅರಸೀಕೆರೆಯ ರೈಲುನಿಲ್ದಾಣದ ಆಸುಪಾಸಿನವರು ರೈಲು ದಾಟಿಹೋಗುವವರೆಗೆ ಕಾಯಲಿ.

ಮುದ್ರಿಸಿದ ಧ್ವನಿಯನ್ನು ವಾಟ್ಸಾಪಿನಲ್ಲಿ ಧ್ವನಿಸಂದೇಶವಾಗಿ ಕಳುಹಿಸಿದರೆ ಅದು ದನಿಯ ಸೂಕ್ಷ್ಮಗಳನ್ನು ಹಿಂಡಿಬಿಡುತ್ತದೆ. ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಮುದ್ರಿಸಿದಂತೆಯೇ ತಲಪುತ್ತದೆ. ಜೋಡಿಸುವ ಕೆಲಸಕ್ಕೆ ಗಣಕಯಂತ್ರದಲ್ಲಿ ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶವಿದೆ. ೨೦೦೦ದಿಂದಲೂ ಜಗತ್ತಿನೆಲ್ಲೆಡೆ ಹವ್ಯಾಸಿಗಳು ಇದನ್ನು ಬಳಸುತ್ತಿದ್ದಾರೆ. ಮೊಬೈಲಿನಲ್ಲಿಯೇ ಮಾಡುವವರಿಗೆ ‘ಬ್ಯಾಂಡ್‌ಲ್ಯಾಬ್’ ಉಂಟು. ಕಾಲೇಜಿಗೆ ಹೋಗುವ ಹುಡುಗನೋ ಹುಡುಗಿಯೋ ಒಂದೆರಡು ಸಂಜೆಗಳಲ್ಲಿ ಇದನ್ನು ಕಲಿಯಬಹುದು.

ಹಿರಿಯರ ದನಿ ಮೊದಲು

ಇಲ್ಲಿಯವರೆಗೆ ಹೇಳಿದುದು ಯಾವ ಹಾಡಿಗೂ ಅನ್ವಯಿಸುತ್ತದೆ. ನಮ್ಮ ಮನೆಗಳಲ್ಲಿ ಮಾತ್ರ ಒಂದು ಕ್ರಮಭೇದವು ಅಗತ್ಯ. ಜಗತ್ತಿನ ರೂಢಿಯಲ್ಲಿ ಮೊದಲು ಯಂತ್ರವು ತಾಳವನ್ನು ಹಾಕುತ್ತದೆ. ಎಲ್ಲರೂ ಅದಕ್ಕೆ ತಕ್ಕಂತೆ ಹಾಡುತ್ತಾರೆ. ಎಪ್ಪತ್ತೆಂಬತ್ತು ದಾಟಿದ ಅಜ್ಜಿಗೆ ಇಯರ್‌ಫೋನು ತೊಡಿಸಿ, ಟಿಕ್ ಟಿಕ್ ಎಂಬ ಸದ್ದಿಗೆ ವಚನ ಹಾಡೆಂದರೆ ಅವರು ಹಾಡುವುದು ಅವರ ಧಾಟಿಯಾಗಿ ಉಳಿಯದು. ಅವರು ಹೇಗೆ ಉಸಿರು ತೆಗೆದುಕೊಳ್ಳುವರೋ, ಎಲ್ಲಿ ತಡೆಯುವರೋ, ಯಾವ ಪದಕ್ಕೆ ಬಂದಾಗ ದನಿ ತಗ್ಗಿಸುವರೋ, ಅದರಲ್ಲಿಯೇ ಆ ಮನೆಯ ಅನುಭಾವವು ಅಡಗಿದೆ.

ಆದುದರಿಂದ ಮೊದಲ ಎಳೆಯು ಹಿರಿಯರದಾಗಿರಲಿ. ಅವರು ನಿತ್ಯವೂ ಹಾಡಿಕೊಳ್ಳುವ ವೇಳೆಯಲ್ಲಿ, ತಂಬೂರಿ ತಾಳಗಳ ಬಲವಂತವಿಲ್ಲದೆ, ಅವರ ದನಿಯನ್ನು ಮುದ್ರಿಸಿಕೊಳ್ಳಬೇಕು. ಅವರ ಶ್ರುತಿ ಯಾವುದೆಂದು ಹಾರ್ಮೋನಿಯಮ್ಮಿನಲ್ಲಿ ಹುಡುಕಿ ತಂಬೂರಿಯನ್ನು ಅದಕ್ಕೆ ಕೂಡಿಸಬೇಕು. ಬೆಂಗಳೂರಿನ ಮಗಳು ಆ ದನಿಯನ್ನು ಹತ್ತು ಸಲ ಕೇಳಿ, ಅದೇ ತಡೆ, ಅದೇ ಎಳೆತಗಳೊಡನೆ ತನ್ನ ದನಿಯನ್ನು ಸೇರಿಸಲಿ. ತಬಲಾ ಬಲ್ಲ ಅಳಿಯನು ಲಯ ಕೂಡುವಲ್ಲಿ ಮಾತ್ರ ಭಜನೆಯ ಠೇಕಾ ಹಾಕಲಿ, ಕೂಡದಲ್ಲಿ ಸುಮ್ಮನಿರಲಿ. ಅಮೆರಿಕದ ಮೊಮ್ಮಗನು ಕೊಳಲನ್ನೋ ಗಿಟಾರನ್ನೋ ನುಡಿಸುವವನಾದರೆ ಅಜ್ಜಿಯ ಸಾಲು ಮುಗಿದ ಎಡೆಯಲ್ಲಿ ನುಡಿಸಲಿ. ಹೀಗೆ ಮಾಡಿದಾಗ ಹಾಡಿನ ಜೊತೆಗೆ ಮತ್ತೊಂದು ಲಾಭವೂ ಒದಗುತ್ತದೆ. ಒಂದು ಸಾಲನ್ನು ಸರಿಯಾಗಿ ಹಿಡಿಯಲು ಹತ್ತು ಸಲ ಕೇಳಿದ ಮೊಮ್ಮಗನಿಗೆ ವಚನವು ಬಾಯಿಗೆ ಬಂದಿರುತ್ತದೆ, ಅದರ ಅರ್ಥವನ್ನು ಕೇಳುವ ಮನಸ್ಸೂ ಮೂಡಿರುತ್ತದೆ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರಿಗೆ ವಿದ್ಯೆಯನ್ನು ಕೊಟ್ಟುದು ಕಿವಿಯ ಮಾರ್ಗದಿಂದಲೇ. ಕೇಳಿ ಕೇಳಿ ಕಲಿಯುವ ಆ ಶಿಸ್ತನ್ನು ದೂರದ ಮಕ್ಕಳಿಗೆ ಈ ವಿಧಾನವು ಮರಳಿ ಕೊಡುತ್ತದೆ.

ಕೆಲವು ಎಚ್ಚರಗಳು

ದನಿಗಳನ್ನು ಜೋಡಿಸುವವರ ಕೈಯಲ್ಲಿ ಒಂದು ಅಧಿಕಾರವಿರುತ್ತದೆ. ಯಾರ ದನಿಯನ್ನು ಮುಂದೆ ಮಾಡಬೇಕು, ಯಾರದನ್ನು ಹಿಂದಕ್ಕೆ ಸರಿಸಬೇಕೆಂಬುದು ಅವರ ಬೆರಳಿನಲ್ಲಿದೆ. ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ನುಲಿಯ ಚಂದಯ್ಯನವರು ಸಮಾನರಾಗಿ ಕುಳಿತ ಅನುಭವ ಮಂಟಪದ ವಾರಸುದಾರರು ನಾವು. ನಡುಗುವ ದನಿಯೆಂದೋ ಶ್ರುತಿ ಕೊಂಚ ಇಳಿಯಿತೆಂದೋ ಒಬ್ಬರನ್ನು ಅಳಿಸಿಹಾಕುವುದು ತರವಲ್ಲ. ಶ್ರುತಿಯನ್ನು ಯಂತ್ರದಿಂದ ತಿದ್ದುವ ಸೌಲಭ್ಯವೂ ಉಂಟು. ಹಿರಿಯರ ದನಿಗೆ ಅದನ್ನು ಹಚ್ಚಬಾರದು. ಯಂತ್ರವು ದೋಷವೆಂದು ತಿದ್ದುವ ಜಾರು, ಕಂಪನಗಳೇ ಧಾಟಿಯ ಗುರುತಾಗಿರಬಹುದು.

ಹಾಡಿದವರ ಒಪ್ಪಿಗೆಯಿಲ್ಲದೆ ಅವರ ದನಿಯನ್ನು ಊರಿಗೆಲ್ಲ ಹಂಚುವುದು ಸಲ್ಲದು. ಕೃತಕ ಬುದ್ಧಿಮತ್ತೆಯಿಂದ ಒಬ್ಬರ ದನಿಯನ್ನು ಅನುಕರಿಸಿ ಅವರು ಹಾಡದುದನ್ನು ಹಾಡಿಸುವ ಕಾಲವಿದು. ಲಿಂಗೈಕ್ಯರಾದವರ ದನಿಯ ವಿಷಯದಲ್ಲಿ ಕುಟುಂಬವು ಇನ್ನೂ ಎಚ್ಚರದಿಂದಿರಬೇಕು. ಪ್ರತಿಯೊಂದು ಮುದ್ರಣದ ಮೊದಲಲ್ಲಿ ಹಾಡುವವರ ಹೆಸರು, ಊರು, ದಿನಾಂಕ, ವಚನಕಾರರ ಹೆಸರು, ಧಾಟಿಯನ್ನು ಯಾರಿಂದ ಕಲಿತರೆಂಬ ವಿವರಗಳನ್ನು ಬಾಯಿಂದಲೇ ಹೇಳಿಸಿಡಬೇಕು. ವಚನದ ಪಾಠವನ್ನು ಸಮಗ್ರ ಸಂಪುಟದೊಡನೆ ಹೋಲಿಸಿ ನೋಡುವುದು ಒಳ್ಳೆಯದು. ಹಿರಿಯರ ಬಾಯಲ್ಲಿ ಪಾಠಾಂತರ ಕಂಡರೆ ಹಾಡನ್ನು ತಿದ್ದದೆ, ಬೇರೆಯಾಗಿ ಬರೆದಿಡುವುದು ಇನ್ನೂ ಒಳ್ಳೆಯದು. ಜೋಡಿಸಿದ ಹಾಡಿನ ಜೊತೆಗೆ ಹಿರಿಯರೊಬ್ಬರೇ ಹಾಡಿದ ಮೂಲ ಮುದ್ರಣವನ್ನೂ ಎರಡು ಮೂರು ಕಡೆ ಉಳಿಸಿಡಬೇಕು. ಮೊಬೈಲು ಕೆಟ್ಟರೆ ಅದರೊಡನೆ ಧಾಟಿಯೂ ಹೋಗಬಾರದು.

ಈ ವಿಧಾನವು ಎಲ್ಲರೂ ಒಂದೇ ಪಡಸಾಲೆಯಲ್ಲಿ ಕುಳಿತು ಹಾಡುವುದಕ್ಕೆ ಬದಲಿಯಾಗಲಾರದು. ಒಬ್ಬರು ಎತ್ತಿಕೊಟ್ಟ ಸಾಲನ್ನು ಮತ್ತೊಬ್ಬರು ಕಣ್ಸನ್ನೆಯಲ್ಲಿಯೇ ತಿಳಿದು ಮುಂದುವರಿಸುವ ಸುಖ, ಕೂಡಿ ಹಾಡಿದ ಮೇಲೆ ಕವಿಯುವ ಮೌನ, ಇವು ಯಾವ ತಂತಿಯಲ್ಲಿಯೂ ಹರಿಯವು. ಹಬ್ಬಕ್ಕೋ ಗೃಹಪ್ರವೇಶಕ್ಕೋ ಮಕ್ಕಳು ಊರಿಗೆ ಬಂದಾಗ, ದೂರದಲ್ಲಿದ್ದು ಕಲಿತ ಅದೇ ವಚನವನ್ನು ಅಜ್ಜಿಯ ಎದುರಿನಲ್ಲಿಯೇ ಹಾಡುವಂತಾದರೆ ಮೊಬೈಲಿನ ಶ್ರಮವು ಸಾರ್ಥಕವಾಯಿತೆಂದು ತಿಳಿಯಬಹುದು.

ನಮ್ಮ ಮಠಮಾನ್ಯಗಳೂ ಅಕ್ಕನ ಬಳಗಗಳೂ ಸಮಾಜದ ವಿದ್ಯಾರ್ಥಿ ನಿಲಯಗಳೂ ಈ ಕಾರ್ಯಕ್ಕೆ ಕೈಜೋಡಿಸಬಹುದು. ಅರಸೀಕೆರೆ, ಬೇಲೂರು, ಹಳೇಬೀಡುಗಳಲ್ಲಿ ಒಂದೊಂದು ಕಡೆ ಮೂರು ನಾಲ್ಕು ತರುಣ ತರುಣಿಯರು ಜೋಡಣೆಯ ಕೆಲಸ ಕಲಿತರೆ ಸುತ್ತಲಿನ ಹಳ್ಳಿಗಳ ಹಿರಿಯರ ದನಿಗಳನ್ನು ಸಂಗ್ರಹಿಸುವುದು ಕಷ್ಟವಾಗದು. ಉತ್ತರ ಅಮೆರಿಕದ ವೀರಶೈವ ಸಮಾಜದಂತಹ ಸಂಸ್ಥೆಗಳಲ್ಲಿ ಕೂಡುವ ನಮ್ಮ ಮಕ್ಕಳು ತಮ್ಮ ಊರಿನ ಒಂದೊಂದು ಧಾಟಿಯನ್ನು ಅಲ್ಲಿಂದಲೇ ಕಲಿಯಬಹುದು. ಹಳಕಟ್ಟಿಯವರು ಮನೆಮನೆಯಿಂದ ಓಲೆಗಳನ್ನು ತಂದರು. ನಾವು ಮನೆಮನೆಯಿಂದ ದನಿಗಳನ್ನು ತರಬೇಕಾಗಿದೆ. ಓಲೆಗಳು ಶತಮಾನಗಳ ಕಾಲ ಜಗುಲಿಯ ಮೇಲೆ ಕಾದವು. ದನಿಗಳು ಅಷ್ಟು ಕಾಲ ಕಾಯಲಾರವು.

ಆದಕಾರಣ ಬರುವ ಶ್ರಾವಣ ಮಾಸದಲ್ಲಿ ಪ್ರತಿಯೊಂದು ಮನೆಯೂ ಒಂದೇ ಒಂದು ವಚನವನ್ನು ಆರಿಸಿಕೊಳ್ಳಲಿ. ಮನೆಯ ಹಿರಿಯರು ಮೊದಲು ಹಾಡಲಿ. ಉಳಿದವರು ತಾವಿರುವಲ್ಲಿಂದಲೇ ದನಿಗೂಡಿಸಲಿ.